ಒಬ್ಬೊಬ್ಬರನ್ನೇ ಕೇಳುವುದೋ, ಗುಂಪಿನಲ್ಲಿ ಕೂರಿಸಿ ಕೇಳುವುದೋ

ಗುಣಾತ್ಮಕ ಸಂಶೋಧನೆಗೆ, ಅಂದರೆ ಅಂಕಿ-ಅಂಶಕ್ಕಿಂತ ಜನರ ಮಾತು, ಅನುಭವಗಳನ್ನು ಆಧರಿಸಿದ ಅಧ್ಯಯನಕ್ಕೆ, ಹೊರಟವರ ಪ್ರಸ್ತಾವನೆಗಳಲ್ಲಿ ಎಷ್ಟು ಗುಂಪು ಚರ್ಚೆ, ಎಷ್ಟು ಸಂದರ್ಶನ ಎಂಬ ಲೆಕ್ಕ ಸ್ಪಷ್ಟವಾಗಿರುತ್ತದೆ; ಗುಂಪು ಚರ್ಚೆಯೇ ಏಕೆ ಎಂಬ ಪ್ರಶ್ನೆಗೆ ಉತ್ತರ ಮಾತ್ರ ವಿರಳ. ಹೆಚ್ಚೆಂದರೆ, ಸೂಕ್ಷ್ಮ ವಿಷಯವಾದರೆ ಸಂದರ್ಶನ, ಇಲ್ಲದಿದ್ದರೆ ಗುಂಪು ಎಂಬ ಸೂತ್ರವನ್ನು ಮುಂದಿಡುತ್ತಾರೆ. ಈ ಸೂತ್ರವೊಂದನ್ನೇ ನಂಬಿ ವಿಧಾನವನ್ನು ಆರಿಸಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಇದನ್ನು ಪರೀಕ್ಷಿಸಿದ ಎರಡು ಅಧ್ಯಯನಗಳು ಪರಸ್ಪರ ವಿರುದ್ಧ ದಿಕ್ಕಿನಲ್ಲಿವೆ. ಮೆಕ್ಸಿಕೋದ ಯುಕಟಾನ್ ಕರಾವಳಿಯಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಆಸುಪಾಸಿನ ನಿವಾಸಿಗಳೊಡನೆ ಮೈಕೆಲ್ ಕಪ್ಲೊವಿಟ್ಜ್ ನಡೆಸಿ, 2000ದಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಸಾಮಾಜಿಕವಾಗಿ ಸೂಕ್ಷ್ಮವಾದ ಸಂಗತಿಗಳು ಪ್ರಸ್ತಾಪಕ್ಕೆ ಬರುವ ಸಾಧ್ಯತೆ ಗುಂಪಿಗಿಂತ ವೈಯಕ್ತಿಕ ಸಂದರ್ಶನದಲ್ಲಿ 18 ಪಟ್ಟು ಹೆಚ್ಚು. ಆದರೆ ಅಮೆರಿಕದ ನಾರ್ತ್ ಕ್ಯಾರೊಲಿನಾದಲ್ಲಿ ಗ್ರೆಗ್ ಗೆಸ್ಟ್ ಮತ್ತು ಸಂಗಡಿಗರು ಆಫ್ರಿಕನ್ ಅಮೆರಿಕನ್ ಪುರುಷರನ್ನು 40 ಗುಂಪುಗಳಿಗೂ 40 ಸಂದರ್ಶನಗಳಿಗೂ ಯಾದೃಚ್ಛಿಕವಾಗಿ ಹಂಚಿ, ಆರೋಗ್ಯದ ಕುರಿತು ಕೇಳಿದಾಗ, ಕೆಲವು ಬಗೆಯ ಖಾಸಗಿ ಸಂಗತಿಗಳು ಗುಂಪಿನಲ್ಲಿಯೇ ಹೆಚ್ಚಾಗಿ ಹೊರಬಂದವು ಎಂದು 2017ರಲ್ಲಿ ವರದಿ ಮಾಡಿದರು. ಒಬ್ಬರು ಬಾಯಿಬಿಟ್ಟರೆ ಇನ್ನೊಬ್ಬರಿಗೆ ಧೈರ್ಯ ಬರುವುದುಂಟು. ಹಾಗಾಗಿ ವಿಷಯ ಸೂಕ್ಷ್ಮವೇ ಎಂದು ಕೇಳಿದರೆ ಸಾಲದು. ಯಾರೆದುರು ಸೂಕ್ಷ್ಮ ಎಂದು ಕೇಳಬೇಕು.

ನಮ್ಮ ರಾಜ್ಯದ ಉದಾಹರಣೆಯನ್ನೇ ನೋಡೋಣ. 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆಯ ಉಚಿತ ಬಸ್ ಪ್ರಯಾಣದ ಬಗ್ಗೆ ತಿಳಿಯಬೇಕಾದರೆ ಗುಂಪು ಚರ್ಚೆ ಸೊಗಸಾಗಿ ನಡೆದೀತು. ನೂಕುನುಗ್ಗಲು, ಕಂಡಕ್ಟರರ ವರ್ತನೆ, ನಿಲ್ಲಿಸದೆ ಹೋಗುವ ಬಸ್ಸು, ಇವೆಲ್ಲ ಎಲ್ಲರೂ ಕಂಡ, ಬಹಿರಂಗವಾಗಿ ಮಾತನಾಡುವ ಸಂಗತಿಗಳು. ಅದೇ ವರ್ಷದ ಆಗಸ್ಟ್‌ನಲ್ಲಿ ಆರಂಭವಾದ ಗೃಹಲಕ್ಷ್ಮಿಯ ಸ್ವರೂಪವೇ ಬೇರೆ. ತಿಂಗಳಿಗೆ 2,000 ರೂಪಾಯಿ ಸಲ್ಲುವುದು ಪಡಿತರ ಚೀಟಿಯಲ್ಲಿ ಯಜಮಾನಿ ಎಂದು ನಮೂದಾದ ಒಬ್ಬರಿಗೆ; ಕೂಡು ಕುಟುಂಬದಲ್ಲಿ ಆಕೆ ಅತ್ತೆಯಾಗಿರಬಹುದು. ಆ ಹಣ ಯಾರ ಕೈಯಲ್ಲಿ ಉಳಿಯಿತು ಎಂಬ ಪ್ರಶ್ನೆಗೆ, ಅತ್ತೆಯೋ ಅತ್ತೆಯ ಓರಗೆಯವರೋ ಪಕ್ಕದಲ್ಲಿ ಕುಳಿತಿರುವಾಗ, ಸೊಸೆಯು ಒಪ್ಪಿತವಾದ ಉತ್ತರವನ್ನಷ್ಟೇ ಕೊಟ್ಟಾಳು. ಆ ಒಪ್ಪಿತ ಉತ್ತರವನ್ನು ಸುಳ್ಳೆಂದು ತಳ್ಳಿಹಾಕುವಂತಿಲ್ಲ. ಊರಿನ ಹೆಂಗಸರು ನಾಲ್ಕು ಜನರ ಮುಂದೆ ಯಾವುದನ್ನು ಸರಿಯೆಂದು ಹೇಳುತ್ತಾರೆ ಎಂಬುದು ಕೂಡ ಅಮೂಲ್ಯ ಮಾಹಿತಿಯೇ. ಅದು ಮನೆಯೊಳಗಿನ ವ್ಯವಹಾರದ ಮಾಹಿತಿ ಅಲ್ಲ, ಅಷ್ಟೆ. ವರದಿಗಳಲ್ಲಿ ಇವೆರಡನ್ನೂ ಒಂದೇ ಎಂಬಂತೆ ಬೆರೆಸಿ ಬರೆದಾಗ ನನಗೆ ನಿಜಕ್ಕೂ ಬೇಸರವಾಗುತ್ತದೆ.

ಪರಿಚಿತರನ್ನು ಒಂದೇ ಗುಂಪಿಗೆ ಸೇರಿಸಲೇಬಾರದು ಎಂಬ ಸಲಹೆಯನ್ನೂ ನಾನು ಒಪ್ಪುವುದಿಲ್ಲ. ಏಡ್ಸ್ ಕುರಿತ ಮಾಧ್ಯಮ ಸಂದೇಶಗಳನ್ನು ಜನ ಹೇಗೆ ಗ್ರಹಿಸುತ್ತಾರೆ ಎಂದು ಬ್ರಿಟನ್ನಿನಲ್ಲಿ 52 ಗುಂಪುಗಳೊಡನೆ ನಡೆದ ಅಧ್ಯಯನವನ್ನು ಆಧರಿಸಿ ಜೆನ್ನಿ ಕಿಟ್ಸಿಂಜರ್ 1994ರಲ್ಲಿ ಬರೆದ ಲೇಖನವು, ಒಟ್ಟಿಗೆ ಬದುಕುವವರನ್ನೋ ದುಡಿಯುವವರನ್ನೋ ಕೂರಿಸುವುದರ ಲಾಭವನ್ನು ಎತ್ತಿ ತೋರಿಸಿತು: ಒಬ್ಬರು ಹೇಳುವ ಮಾತಿಗೂ ನಡೆದುಕೊಳ್ಳುವ ರೀತಿಗೂ ಅಂತರವಿದ್ದರೆ ಜೊತೆಗಾರರೇ ಅದನ್ನು ನೆನಪಿಸಿ ಪ್ರಶ್ನಿಸುತ್ತಾರೆ. ಸಂದರ್ಶಕರಿಗೆ ಆ ಅಧಿಕಾರವೂ ಇಲ್ಲ, ಅಷ್ಟು ಮಾಹಿತಿಯೂ ಇರುವುದಿಲ್ಲ. ಈ ವಾದವಿವಾದವನ್ನು ಬಿಟ್ಟು, ಎಂಟು ಜನರ ಉತ್ತರಗಳನ್ನು ಪ್ರತ್ಯೇಕ ಹೇಳಿಕೆಗಳಂತೆ ಕೋಡಿಂಗ್ (ವಿಷಯವಾರು ಗುರುತು ಹಾಕಿ ವಿಂಗಡಣೆ) ಮಾಡುವುದಾದರೆ ಗುಂಪನ್ನು ಸೇರಿಸಿದ್ದೇ ವ್ಯರ್ಥ.

ಗೋಪ್ಯತೆಯ ವಿಷಯದಲ್ಲಿ ಮಾತ್ರ ಯಾವ ಸಡಿಲಿಕೆಯೂ ಸಲ್ಲದು. ಸಂದರ್ಶನದಲ್ಲಿ ಗುಟ್ಟು ಕಾಯುತ್ತೇವೆ ಎಂದು ಕೊಟ್ಟ ಮಾತಿಗೆ ಸಂಶೋಧಕರು ತಾವೇ ಹೊಣೆ. ಗುಂಪಿನಲ್ಲಿ ಉಳಿದವರು ಹೊರಗೆ ಹೋಗಿ ಏನು ಹೇಳುತ್ತಾರೆ ಎಂಬುದಕ್ಕೆ ಸಂಶೋಧಕರು ಖಾತರಿ ಕೊಡಲಾರರು. ಒಪ್ಪಿಗೆ ಪತ್ರವನ್ನು ಓದಿ ಹೇಳುವಾಗ ಇದನ್ನು ಸ್ಪಷ್ಟವಾಗಿ ತಿಳಿಸಬೇಕು, ಮತ್ತು ಗುಂಪಿಗೆ ಬರಲು ಹಿಂಜರಿದವರಿಗೆ ಪ್ರತ್ಯೇಕವಾಗಿ ಮಾತನಾಡುವ ಅವಕಾಶವನ್ನು ಮೊದಲೇ ಯೋಜಿಸಿರಬೇಕು.