ಡಿಸೆಂಬರಿನ ಅಕ್ಕಿ, ಜೂನಿನ ಹಸಿವು

ಕ್ರಿಸ್ಮಸ್‌ಗೆ ಮುಂಚಿನ ಎರಡು ವಾರ ಚರ್ಚಿನ ಹಾಲ್‌ನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಅಕ್ಕಿ ಮೂಟೆ, ಕಂಬಳಿ, ಕೇಕು, ಹಳೇ ಬಟ್ಟೆಯ ಗಂಟು. ಅದೇ ಹಾಲ್ ಜೂನ್ ಹೊತ್ತಿಗೆ ಖಾಲಿ. ಮಳೆ ಹಿಡಿದು ಗಾರೆ ಕೆಲಸ ನಿಂತಿರುತ್ತದೆ. ಶಾಲೆಯ ಫೀಸು, ಪುಸ್ತಕ, ಯೂನಿಫಾರಂ ಒಟ್ಟಿಗೇ ಎದುರು ನಿಂತಿರುತ್ತವೆ. ಕೂಲಿ ಮಾಡಿ ಬದುಕುವ ಮನೆಗೆ ಅದರಷ್ಟು ಕಷ್ಟದ ತಿಂಗಳು ಇನ್ನೊಂದಿಲ್ಲ. ಧರ್ಮಕೇಂದ್ರದ, ಎಂದರೆ ಒಂದು ಚರ್ಚಿಗೆ ಸೇರಿದವರ, ಸೇವಾ ಕೆಲಸಕ್ಕೆ ಕೈ ಹಾಕುವವರು ಮೊದಲು ಯೋಚಿಸಬೇಕಾದದ್ದು ಡಿಸೆಂಬರಿನದನ್ನು ಜೂನ್‌ಗೆ ಮುಟ್ಟಿಸುವುದು ಹೇಗೆ ಎಂಬುದನ್ನೇ.

ಇದು ಹೊಸ ತೊಡಕೂ ಅಲ್ಲ. 1617ರ ಆಗಸ್ಟ್‌ನಲ್ಲಿ ಫ್ರಾನ್ಸಿನ ಶಾತಿಯೋ ಎಂಬ ಸಣ್ಣ ಊರಿನಲ್ಲಿ ಅಲ್ಲಿನ ಗುರು ಸಂತ ವಿನ್ಸೆಂಟ್ ದ ಪಾಲ್ ಪೂಜೆಯ ಪ್ರಬೋಧನೆಯಲ್ಲಿ ಒಂದು ಮನೆಯ ಸಂಗತಿ ಹೇಳಿದರು: ಊರಾಚೆ ಮನೆಮಂದಿಯೆಲ್ಲ ಕಾಯಿಲೆ ಬಿದ್ದಿದ್ದಾರೆ, ನೋಡಿಕೊಳ್ಳುವವರಿಲ್ಲ. ಮಧ್ಯಾಹ್ನ ಅವರೇ ಆ ಮನೆಗೆ ಹೊರಟರೆ ದಾರಿಯುದ್ದಕ್ಕೂ ಜನ, ಸಾಲುಸಾಲಾಗಿ ಊಟ ಕೊಟ್ಟು ಬರುತ್ತಿದ್ದಾರೆ. ಸಂತೋಷಪಡುವ ಬದಲು ಅವರು ಲೆಕ್ಕ ಹಾಕಿದರು. ಇಷ್ಟೂ ಇವತ್ತೇ ಬಂದರೆ ಅರ್ಧ ಕೆಡುತ್ತದೆ, ನಾಳೆ ಆ ಮನೆ ಮತ್ತೆ ಉಪವಾಸ. ಕೆಲವೇ ದಿನಗಳಲ್ಲಿ ಊರಿನ ಹೆಂಗಸರನ್ನು ಸೇರಿಸಿ, ದಿನಕ್ಕೊಬ್ಬರಂತೆ ಸರದಿ ಗೊತ್ತುಮಾಡಿದರು. ಯೇಸುವಿನ ಶಿಷ್ಯರಾದ ಅಪೊಸ್ತಲರ ಕಾಲದಲ್ಲೂ ದಿನದ ಹಂಚಿಕೆಯಲ್ಲಿ ಕೆಲವು ವಿಧವೆಯರು ಬಿಟ್ಟುಹೋದಾಗ, ಆ ಕೆಲಸಕ್ಕೆಂದೇ ಏಳು ಜನರನ್ನು ಆರಿಸಿದ್ದರು. ಸರದಿ ಪಟ್ಟಿ ಬರೆಯುವುದೂ ಪ್ರಾರ್ಥನೆಯಷ್ಟೇ ಭಕ್ತಿಯ ಕೆಲಸವೆಂದು ನಾನು ನಂಬಿರುವುದು ಇದರಿಂದಲೇ.

ಡಿಸೆಂಬರಿನಲ್ಲಿ ಬಂದ ಅಕ್ಕಿಯನ್ನು ಜೂನ್‌ವರೆಗೆ ಇಟ್ಟುಕೊಳ್ಳಲಾಗದು, ಹುಳು ಬೀಳುತ್ತದೆ. ಅದಕ್ಕೇ ನವೆಂಬರ್ ಕೊನೆಯ ಭಾನುವಾರ ಪೂಜೆಯ ನಂತರ ತಿಂಗಳ ಚೀಟಿ ಹಂಚಬೇಕು. ಜನವರಿಯಿಂದ ಡಿಸೆಂಬರ್‌ವರೆಗೆ ಒಂದೊಂದು ತಿಂಗಳಿಗೆ ಒಂದೊಂದು ಕಟ್ಟು. ಕೊಡುವ ಮನೆಯವರು ಒಂದು ತಿಂಗಳನ್ನು ಆರಿಸಿಕೊಂಡು ಹೆಸರು ಬರೆಯುತ್ತಾರೆ, ಸಾಮಾನನ್ನು ಆ ತಿಂಗಳೇ ತರುತ್ತಾರೆ. ಜೂನ್, ಜುಲೈ ಕಟ್ಟುಗಳನ್ನು ಮೊದಲು ಹಂಚಿ. ಇಲ್ಲದಿದ್ದರೆ ಎಲ್ಲರೂ ಕೈ ಇಡುವುದು ಡಿಸೆಂಬರಿಗೇ.

ಕೊಡುವ ಸಾಮಾನಿನಲ್ಲಿ ದೊಡ್ಡ ತಪ್ಪು ಅಕ್ಕಿಯೇ. ರೇಷನ್ ಕಾರ್ಡ್ ಇರುವ ಮನೆಗೆ ನ್ಯಾಯಬೆಲೆ ಅಂಗಡಿಯಿಂದ ಅಕ್ಕಿ ಬರುತ್ತದೆ. ನಾವೂ ಅಕ್ಕಿಯನ್ನೇ ಕೊಟ್ಟರೆ ಅದು ಮಾರಾಟವಾಗುತ್ತದೆ. ಬೇಳೆಗೆ ದುಡ್ಡಿಲ್ಲದ ಮನೆಯವರು ಅದನ್ನು ಮಾರಿದರೆ ತಪ್ಪು ನಮ್ಮದು. ನಾಲ್ಕು ಜನರ ಮನೆಗೆ ತಿಂಗಳಿಗೆ ತೊಗರಿಬೇಳೆ 3 ಕೆಜಿ, ಹೆಸರುಕಾಳು ಅಥವಾ ಕಡಲೆಕಾಳು 1 ಕೆಜಿ, ಅಡುಗೆ ಎಣ್ಣೆ 2 ಲೀಟರ್, ಉಪ್ಪು, ಖಾರದಪುಡಿ, ಮೈಸೋಪು, ಬಟ್ಟೆ ಸೋಪು, ಹೆಣ್ಣುಮಕ್ಕಳಿದ್ದರೆ ಪ್ಯಾಡ್. ಸಕ್ಕರೆ ಕಾಯಿಲೆ ಇರುವ ಮನೆಗೆ ಸಕ್ಕರೆ, ಬಿಸ್ಕತ್ತು ಬೇಡ. ಅದೇ ದುಡ್ಡಿಗೆ ಮೊಟ್ಟೆ ಕೊಡಿ. ರೇಷನ್ನೇ ಬರುತ್ತಿಲ್ಲ ಎಂದರೆ ಅಕ್ಕಿ ಕೊಟ್ಟು ಸುಮ್ಮನಾಗದೆ ಕಾರಣ ಕೇಳಿ. ಮುದುಕರ ಬೆರಳು ಸವೆದು ಯಂತ್ರದಲ್ಲಿ ಗುರುತು ಸಿಗದಿರುವುದು ಸಾಮಾನ್ಯ. ಒಂದು ದಿನ ಜೊತೆಗೆ ಹೋಗಿ ಅದನ್ನು ಸರಿಮಾಡಿಸಿದರೆ ವರ್ಷವಿಡೀ ಅಕ್ಕಿ ಕೊಟ್ಟದ್ದಕ್ಕಿಂತ ಹೆಚ್ಚು ಉಪಕಾರ. ವೃದ್ಧಾಪ್ಯ ವೇತನ, ವಿಧವಾ ವೇತನದ ಅರ್ಜಿಗೆ ನಾಡಕಚೇರಿಗೂ ಹಾಗೆಯೇ ಜೊತೆಗೆ ಹೋಗಬೇಕು.

ಆಸ್ಪತ್ರೆಯ ವಿಷಯದಲ್ಲಿ ಹಣಕ್ಕಿಂತ ಕ್ರಮ ಮುಖ್ಯ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಎಂಬ ಸರ್ಕಾರಿ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಆದರೆ ತುರ್ತು ಸ್ಥಿತಿ ಬಿಟ್ಟರೆ, ಖಾಸಗಿ ಆಸ್ಪತ್ರೆಗೆ ಹೋಗುವ ಮುಂಚೆ ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಪತ್ರ ಬೇಕು. ಗಾಬರಿಯಲ್ಲಿ ಬಳೆ ಅಡವಿಟ್ಟು ಅಡ್ವಾನ್ಸ್ ಕಟ್ಟಿ, ಆಮೇಲೆ ಪತ್ರಕ್ಕೆ ಓಡುವವರೇ ಹೆಚ್ಚು. ಕಟ್ಟಿದ ದುಡ್ಡು ವಾಪಸ್ ಬರುವುದು ಬಹಳ ಕಷ್ಟ. ಆದ್ದರಿಂದ ಆಧಾರ್, ರೇಷನ್ ಕಾರ್ಡ್‌ನ ಎರಡೆರಡು ಜೆರಾಕ್ಸ್ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಪ್ರತಿ ಮನೆಯಲ್ಲೂ ಕೈಗೆ ಸಿಗುವ ಕಡೆ ಇಡಿಸಿ. ಯೋಜನೆಗೆ ಸೇರದ ಖರ್ಚನ್ನು ಔಷಧಿ ಅಂಗಡಿಗೆ ನೇರವಾಗಿ ಕಟ್ಟಿ ಬಿಲ್ ತನ್ನಿ. ಉಳಿದ ಮಾತ್ರೆಗಳನ್ನು ದಾನವಾಗಿ ತೆಗೆದುಕೊಳ್ಳಲೇಬೇಡಿ. ಕತ್ತರಿಸಿದ ಮಾತ್ರೆ ಪಟ್ಟಿಯಲ್ಲಿ ಹೆಸರೂ ಇರುವುದಿಲ್ಲ, ತಾರೀಕೂ ಇರುವುದಿಲ್ಲ.

ಸಾಲ ಕೊಡಬೇಡಿ. ಸಾಲ ಕೊಟ್ಟ ದಿನದಿಂದ ನೀವು ಬಾಗಿಲಿಗೆ ಬಂದರೆ ಆ ಮನೆಯ ಅಮ್ಮ ಒಳಗೆ ಅಡಗುತ್ತಾಳೆ.

ಮನೆ ಭೇಟಿಗೆ ಇಬ್ಬರು ಹೋಗಬೇಕು, ಅವರಲ್ಲೊಬ್ಬರು ಹೆಂಗಸಾಗಿದ್ದರೆ ಒಳ್ಳೆಯದು. 1833ರಲ್ಲಿ ಪ್ಯಾರಿಸ್ಸಿನಲ್ಲಿ ಇಪ್ಪತ್ತು ವರ್ಷದ ವಿದ್ಯಾರ್ಥಿ ಫ್ರೆಡರಿಕ್ ಓಜನಾಮ್ ಮತ್ತು ಗೆಳೆಯರು ಬಡವರ ಸೇವೆಗೆಂದು ವಿನ್ಸೆಂಟ್ ದ ಪಾಲ್ ಸಭೆ ಎಂಬ ಸಂಘ ಆರಂಭಿಸಿದಾಗ, ಬಡವರ ಮನೆಗೆ ಹೋಗುವುದು ಹೇಗೆಂದು ಅವರಿಗೆ ಕಲಿಸಿದವರು ಸಿಸ್ಟರ್ ರೊಸಾಲಿ ರಾಂದ್ಯು. ಹೋಗುವುದೇ ಆ ಕೆಲಸದ ಜೀವ; ಸಾಲಿನಲ್ಲಿ ನಿಲ್ಲಿಸಿ ಹಂಚುವವರಿಗೆ ಮನೆಯ ಸೋರುವ ಹೆಂಚು ಕಾಣುವುದಿಲ್ಲ. ಆದರೆ ಒಳಗೆ ಕರೆಯುವವರೆಗೆ ಹೊಸ್ತಿಲ ಆಚೆಯೇ ನಿಲ್ಲಿ. ಬೈಬಲಿನ ಧರ್ಮೋಪದೇಶಕಾಂಡ 24ನೇ ಅಧ್ಯಾಯ ಸಾಲ ಕೊಟ್ಟವನಿಗೂ ಇದನ್ನೇ ಹೇಳುತ್ತದೆ: ಒತ್ತೆ ತರಲು ಸಾಲ ಪಡೆದವನ ಮನೆಯೊಳಗೆ ಹೋಗಬೇಡ, ಹೊರಗೆ ನಿಲ್ಲು, ಅವನೇ ತಂದುಕೊಡಲಿ. ಸಾಲ ಕೊಟ್ಟವನಿಗೇ ಇಲ್ಲದ ಹಕ್ಕು, ಬೇಳೆ ಪೊಟ್ಟಣ ಹಿಡಿದು ಬಂದವರಿಗೆ ಎಲ್ಲಿಂದ ಬಂತು? ಪಾತ್ರೆಯ ಮುಚ್ಚಳ ತೆಗೆದು ನೋಡುವುದು, ಫೋಟೋ ತೆಗೆಯುವುದು, "ಪೂಜೆಗೆ ಯಾಕೆ ಬರ್ತಿಲ್ಲ?" ಎಂದು ಕೇಳುವುದು ಯಾವುದೂ ಕೂಡದು. ಯಾವ ಮತದವರೆಂದು ಕೇಳಬೇಡಿ. ಹಸಿದಿದ್ದೆನು, ನೀವು ನನಗೆ ಊಟ ಕೊಟ್ಟಿರಿ ಎಂದ ಯೇಸುಸ್ವಾಮಿ ಅಲ್ಲಿ ಬೇರೆ ಯಾವ ಅರ್ಹತೆಯನ್ನೂ ಕೇಳಲಿಲ್ಲ. ಮನೆಯವರು ಕೊಟ್ಟ ಕಾಫಿ ಕುಡಿಯಿರಿ. ತೆಗೆದುಕೊಳ್ಳುವವರಿಗೆ ಕೊಡುವುದಕ್ಕೂ ಒಂದು ಅವಕಾಶ ಬೇಕು.

ಭೇಟಿಯ ಪುಸ್ತಕದಲ್ಲಿ ತಾರೀಕು, ಮನೆಯ ಸಂಖ್ಯೆ, ಕೊಟ್ಟದ್ದು, ಮುಂದಿನ ಭೇಟಿಯಲ್ಲಿ ಮಾಡಬೇಕಾದ ಒಂದೇ ಒಂದು ಕೆಲಸ, ಇಷ್ಟು ಸಾಕು. ಹೆಸರುಗಳಿರುವ ಪಟ್ಟಿ ಬೀರುವಿನಲ್ಲಿರಲಿ, ವಾಟ್ಸಾಪ್‌ನಲ್ಲಿ ಬೇಡ. ಸೇವೆ ಮಾಡುವವರು ಕೂಡಿದ ಸಭೆಯ ಕೊನೆಯಲ್ಲಿ ಕಾಣಿಕೆ ಚೀಲ ತಿರುಗುವಾಗ ಎಲ್ಲರೂ ಮುಷ್ಟಿ ಮುಚ್ಚಿಯೇ ಕೈ ಹಾಕಬೇಕು. ಹಾಕಲು ಏನೂ ಇಲ್ಲದ ಸದಸ್ಯರ ಮಾನ ಉಳಿಯುವುದು ಹಾಗೆ.

ಇನ್ನು ಭೇಟಿಯ ಸರದಿ. ವಿನ್ಸೆಂಟ್ ಶಾತಿಯೋದ ಆ ಹೆಂಗಸರಿಗೆಂದು ಬರೆದ ನಿಯಮಾವಳಿಯಲ್ಲಿ ಊಟದ ತಟ್ಟೆ, ಕರವಸ್ತ್ರ, ಚಮಚದವರೆಗೂ ವಿವರವಿದೆ. ಜೊತೆಗೆ ಒಂದು ಮಾತು: ಜೊತೆಗಾರರಿರುವ ರೋಗಿಯಿಂದ ಆರಂಭಿಸಿ, ಒಂಟಿಯಾಗಿರುವವರಲ್ಲಿ ಮುಗಿಸಬೇಕು, ಅವರ ಬಳಿ ಹೆಚ್ಚು ಹೊತ್ತು ಇರುವುದಕ್ಕೆ. ನಾಲ್ಕು ಮನೆ ಇದ್ದರೆ ಒಂಟಿ ಅಜ್ಜಿಯ ಮನೆ ನಾಲ್ಕನೆಯದು. ಅಲ್ಲಿಂದ ಮುಂದೆ ಬೇರೆ ಕೆಲಸ ಇಟ್ಟುಕೊಳ್ಳಬೇಡಿ. ಚೀಲದಲ್ಲಿ ಉಗುರು ಕತ್ತರಿ, ಸೂಜಿ ದಾರ, ಓದುವ ಕನ್ನಡಕ ಇರಲಿ. ಬೇಳೆ ಕೆಳಗಿಟ್ಟ ಮೇಲೆ ಅಜ್ಜಿ ಕೇಳುವುದು ಹೆಚ್ಚಾಗಿ ಇವನ್ನೇ.