ಗೊಬ್ಬರದ ಗಿಡದ ಬೇಲಿ: ಎರಡನೇ ವರ್ಷ, ಕೊನೆಗೂ ಬೇರು!

ಇವತ್ತು ಬೆಳಿಗ್ಗೆ ಮನಸ್ಸು ತಡೆಯದೆ ಒಂದು ಗೂಟ ಕಿತ್ತು ನೋಡಿದೆ. ಬುಡದ ಸುತ್ತ ಗೇಣುದ್ದ ಬಿಳಿ ಬೇರು! ಶಿರಾ ಕಡೆಯ ನಮ್ಮ ಹೊಲದ ಪಡುವಣ ಬದುವಿನಲ್ಲಿ ನಿಂತು ಮನೆಯವಳನ್ನು ಕೂಗಿ ಕರೆದೆ.

ಹೋದ ವರ್ಷ ಬೇಲಿಗೆಂದು ಗೊಬ್ಬರದ ಗಿಡದ, ಅಂದರೆ ಗ್ಲಿರಿಸಿಡಿಯದ, 60 ಕೊಂಬೆ ಗೂಟ ನೆಟ್ಟಿದ್ದೆ. ಮೂರೇ ವಾರಕ್ಕೆ ಚಿಗುರಿದವು. ಆಷಾಢ ಮುಗಿಯುವಷ್ಟರಲ್ಲಿ 52 ಒಣಗಿದವು. ಚಿಗುರು ನೋಡಿ ಹಿಗ್ಗಬೇಡಿ. ಗೂಟದೊಳಗೆ ಕೂಡಿಟ್ಟ ಆಹಾರದಲ್ಲೇ ಎಲೆ ಬರುತ್ತದೆ, ಅದಕ್ಕೆ ಬೇರು ಬೇಕಿಲ್ಲ. ಆಮೇಲೆ ಎಲೆ ನೀರು ಕೇಳುತ್ತದೆ, ಕೊಡಲು ಕೆಳಗೆ ಏನೂ ಇರಲ್ಲ.

ಸತ್ತವನ್ನು ಒಂದೊಂದಾಗಿ ಕಿತ್ತೆ. ಎಲ್ಲ ಹೆಬ್ಬೆರಳು ದಪ್ಪದವು. ಮಾರಿದವನು "ನಿನ್ನೆ ಕಡಿದದ್ದು" ಅಂದಿದ್ದ, ತೊಗಟೆ ಆಗಲೇ ಸುಕ್ಕುಗಟ್ಟಿತ್ತು. ಎರಡೂ ತುದಿ ನೇರಕ್ಕೆ ಕಡಿದಿದ್ದರಿಂದ ಕೆಲವು ತಲೆಕೆಳಗಾಗಿ ನೆಟ್ಟುಹೋಗಿದ್ದವು. ಈಗ ಎಲೆ ಉದುರಿದ ಗುರುತು ನೋಡುತ್ತೇನೆ: ಮೊಗ್ಗು ಆ ಗುರುತಿನ ಮೇಲ್ಗಡೆ ಇರಬೇಕು.

ಆದರೆ ಜಾಸ್ತಿ ಕೊಂದದ್ದು ಆಷಾಢದ ಗಾಳಿ. ಒಂದೊಂದು ಗೂಟದ ಸುತ್ತಲೂ ಬೆರಳು ತೂರುವಷ್ಟು ಸಂದು ಬಿದ್ದಿತ್ತು. ಎಳೆ ಬೇರು ಮೂಡುವ ಹೊತ್ತಿಗೆ ಗೂಟ ಅಲ್ಲಾಡಿದರೆ ಅದು ಹರಿಯದೆ ಇರುತ್ತಾ?

ಈ ಸಲ ಪಕ್ಕದ ಹೊಲದವರನ್ನು ಕೇಳಿ ನಾನೇ ಮಚ್ಚು ಹಿಡಿದೆ. ಬಲಿತ ಕೊಂಬೆ, ಮುಂಗೈ ದಪ್ಪ, ಆರಡಿ ಉದ್ದ. ಬುಡ ಓರೆಯಾಗಿ ಕಡಿದು ತೊಗಟೆಗೆ ನಾಲ್ಕು ಕಚ್ಚು ಹಾಕಿದೆ. ಸುತ್ತಿಗೆಯಿಂದ ಹೊಡೆದರೆ ತೊಗಟೆ ಸುಲಿಯುತ್ತದೆ, ಹಾಗಾಗಿ ಹಾರೆಯಿಂದ ಒಂದೂವರೆ ಅಡಿ ಗುಂಡಿ ಮಾಡಿ ಇಳಿಸಿ ಹಿಮ್ಮಡಿಯಿಂದ ಮಣ್ಣು ಗಟ್ಟಿ ತುಳಿದೆ. ಕೊನೆಗೆ ಹಳೆ ಡ್ರಿಪ್ ಪೈಪನ್ನು ಅಡ್ಡಕ್ಕೆ ಎಳೆದು ಎಲ್ಲ ಗೂಟಗಳನ್ನೂ ಒಂದಕ್ಕೊಂದು ಬಿಗಿದೆ. ಪೂರ್ತಿ ವ್ಯತ್ಯಾಸ ಆ ಪೈಪಿನದೇ ಅಂತ ನನ್ನ ನಂಬಿಕೆ. 60ರಲ್ಲಿ 49 ಬದುಕಿವೆ.

ಗೂಟದ ಗಿಡಕ್ಕೆ ತಾಯಿಬೇರು ಇರಲ್ಲ ಅಲ್ವಾ, ಅದಕ್ಕೇ ಒಳಗಿನ ಸಾಲಿಗೆ ಬೀಜ ಹಾಕಿದೆ. ರಾತ್ರಿ ನೆನೆಸಿಟ್ಟದ್ದು ಹತ್ತು ದಿನದೊಳಗೆ ಮೊಳೆಯಿತು. ಮೊನ್ನೆ ಒತ್ತಾಗಿದ್ದ ಒಂದು ಸಸಿ ಕಿತ್ತೆ. ಬೇರಿನಲ್ಲಿ ಸಾಸಿವೆಯಂಥ ಗಂಟುಗಳು. ಉಗುರಿನಿಂದ ಒಂದನ್ನು ಸೀಳಿದರೆ ಒಳಗೆ ತಿಳಿಗೆಂಪು! ನಮ್ಮ ರಕ್ತದ ಹಿಮೊಗ್ಲೋಬಿನ್‌ಗೆ ನೆಂಟನಂಥ ವಸ್ತು ಕೊಡುವ ಬಣ್ಣ ಅದು. ಬ್ಯಾಕ್ಟೀರಿಯಾ ಗಾಳಿಯ ಸಾರಜನಕ ಹಿಡಿಯುತ್ತಿವೆ ಅನ್ನುವ ಗುರುತು. ಬೆರಳಿಗಂಟಿದ ಆ ಕೆಂಪನ್ನು ತುಂಬ ಹೊತ್ತು ನೋಡುತ್ತಾ ಕೂತಿದ್ದೆ.

ಮುಂದಿನ ಸಾಲು ಹೊಂಗೆ. ಅದೂ ಸಾರಜನಕ ಹಿಡಿಯುತ್ತದೆ, ಬೇರು ಆಳಕ್ಕೆ ಇಳಿಯುತ್ತದೆ, ಮೇಕೆಗಳೂ ಅಷ್ಟಾಗಿ ಮುಟ್ಟಲ್ಲ. ಊರ ಕೆರೆ ಏರಿಯ ಮೇಲೆ ಬಿದ್ದಿದ್ದ ಕಾಯಿ ಒಂದು ಚೀಲ ಆರಿಸಿ ತಂದಿದ್ದೇನೆ. ನಾಳೆ ಬಿಡಿಸಬೇಕು.