ನಲವತ್ತರಲ್ಲಿ ಚಿನ್ನ ಗೆದ್ದ ಬ್ಯೋರ್ನ್‌ಡಾಲೆನ್

ನಾರ್ವೆಯ ಓಸ್ಲೋದಲ್ಲಿ ಚಳಿಗಾಲದ ಶನಿವಾರ, ಭಾನುವಾರ ಯಾರ ಮನೆಗೆ ಹೋದರೂ ಟೀವಿಯಲ್ಲಿ ಸ್ಕೀ ಸ್ಪರ್ಧೆ ಬರುತ್ತಿರುತ್ತದೆ. ಬಯಾಥ್ಲಾನ್ ಇದ್ದರಂತೂ ಕಾಫಿ ಆರಿದರೂ ಯಾರೂ ಏಳುವುದಿಲ್ಲ. ನಮ್ಮ ಕಡೆ ಈ ಆಟ ನೋಡಿದವರು ಕಡಿಮೆ ಅಲ್ವಾ, ಅದಕ್ಕೇ ಬರೆಯುತ್ತಿದ್ದೇನೆ.

ಬೆನ್ನಿಗೆ ಮೂರೂವರೆ ಕಿಲೋಗೂ ಜಾಸ್ತಿ ತೂಕದ ಬಂದೂಕು ಕಟ್ಟಿಕೊಂಡು ಹಿಮದ ಮೇಲೆ ಸ್ಕೀ ಮಾಡಬೇಕು. ನಡುವೆ ಸ್ಕೀ ನಿಲ್ಲಿಸಿ 50 ಮೀಟರ್ ದೂರದ ಐದು ಗುರಿಗಳಿಗೆ ಗುಂಡು ಹೊಡೆಯಬೇಕು. ಮಲಗಿ ಹೊಡೆಯುವಾಗ ಗುರಿಯ ಅಗಲ ಬರೀ 45 ಮಿಲಿಮೀಟರ್. ನಿಂತು ಹೊಡೆಯುವಾಗ 115. ಉಸಿರು ಏರಿ ಎದೆ ಡವಗುಟ್ಟುತ್ತಿರುವಾಗಲೇ ಕೈ ಅಲುಗಬಾರದು. ಎರಡು ಸಲ ಗುಂಡು ಹೊಡೆಯುವ ಚಿಕ್ಕ ಸ್ಪರ್ಧೆ ಸ್ಪ್ರಿಂಟ್. ಅದರಲ್ಲಿ ಒಂದು ಗುಂಡು ತಪ್ಪಿದರೆ 150 ಮೀಟರ್‌ನ ಸುತ್ತು ಹೆಚ್ಚಿಗೆ ಹಾಕಬೇಕು. ಎಷ್ಟು ದೊಡ್ಡ ಹೆಸರಿದ್ದರೂ ಆ ಸುತ್ತು ತಪ್ಪುವುದಿಲ್ಲ. ನನಗೆ ಈ ಆಟ ಹಿಡಿಸಿದ್ದೇ ಇದಕ್ಕೆ.

ಇಲ್ಲಿ ಹಿರಿಯರನ್ನು ಕೇಳಿದರೆ ಮೊದಲು ಬರುವ ಹೆಸರು ಊಲೆ ಐನಾರ್ ಬ್ಯೋರ್ನ್‌ಡಾಲೆನ್. ಅವರು ಹುಟ್ಟಿದ್ದು 1974ರಲ್ಲಿ, ಓಸ್ಲೋಗೆ ಹತ್ತಿರದ ದ್ರಾಮನ್‌ನಲ್ಲಿ. 1998ರ ನಾಗಾನೋ ಒಲಿಂಪಿಕ್ಸ್‌ನಲ್ಲಿ ಹಿಮ, ಮಂಜು ಜೋರಾಗಿ ಸ್ಪ್ರಿಂಟ್ ಅರ್ಧಕ್ಕೇ ನಿಂತಿತ್ತು. ಮರುದಿನ ಮತ್ತೆ ಮೊದಲಿಂದ ನಡೆಸಿದಾಗ ಚಿನ್ನ ಗೆದ್ದರು. 2002ರಲ್ಲಿ ಸಾಲ್ಟ್ ಲೇಕ್ ಸಿಟಿಯಲ್ಲಿ ಬಯಾಥ್ಲಾನ್‌ಗೆ ಇದ್ದದ್ದೇ ಪುರುಷರ ನಾಲ್ಕು ಸ್ಪರ್ಧೆ. ನಾಲ್ಕರಲ್ಲೂ ಚಿನ್ನ!

ಆದರೆ ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು 2014ರ ಸೋಚಿ. ಆಗ ಅವರಿಗೆ 40 ತುಂಬಿತ್ತು. ಸ್ಪ್ರಿಂಟ್‌ನಲ್ಲಿ ಒಂದು ಗುಂಡು ತಪ್ಪಿತು. ಆಸ್ಟ್ರಿಯಾದ ಲ್ಯಾಂಡರ್ಟಿಂಗರ್ ಒಂದನ್ನೂ ತಪ್ಪಿಸಲಿಲ್ಲ. ಆದರೂ ಬ್ಯೋರ್ನ್‌ಡಾಲೆನ್ 1.3 ಸೆಕೆಂಡ್ ಅಂತರದಲ್ಲಿ ಗೆದ್ದರು. ಹೆಚ್ಚಿಗೆ ಹಾಕಿದ ಆ ಸುತ್ತಿನ ಸಮಯವನ್ನು ನಲವತ್ತರ ಕಾಲುಗಳೇ ತುಂಬಿಕೊಟ್ಟವು. ಆಮೇಲೆ ಗಂಡಸರು ಹೆಂಗಸರು ಸೇರಿ ಆಡುವ ಮಿಶ್ರ ರಿಲೇಯಲ್ಲೂ ಚಿನ್ನ ಬಂದು, ಆಗಿನ ಲೆಕ್ಕಕ್ಕೆ ಒಲಿಂಪಿಕ್ ಪದಕ 13 ಆದವು, ಅದರಲ್ಲಿ 8 ಚಿನ್ನ. 2016ರಲ್ಲಿ ಇಲ್ಲೇ ಹೊಲ್ಮೆನ್‌ಕೊಲೆನ್ ಗುಡ್ಡದಲ್ಲಿ ವಿಶ್ವ ಚಾಂಪಿಯನ್‌ಶಿಪ್ ನಡೆದಾಗ, 42ರ ವಯಸ್ಸಿನಲ್ಲಿ ಇನ್ನೂ ನಾಲ್ಕು ಪದಕ.

ಇಂಥವರನ್ನು 2018ರ ಪ್ಯೊಂಗ್‌ಚಾಂಗ್ ಒಲಿಂಪಿಕ್ಸ್‌ಗೆ ಆರಿಸಲಿಲ್ಲ. ಆ ಸಲ ಅವರ ಫಲಿತಾಂಶ ಸಾಲಲಿಲ್ಲ, ಅಷ್ಟೇ. ಕೊನೇ ಸಲ ಒಂದು ಅವಕಾಶ ಕೊಡಬಹುದಿತ್ತು ಅಂತ ನಮಗೆ ಅನ್ನಿಸುತ್ತದೆ. ಆದರೆ ಒಬ್ಬರಿಗೆ ಗೌರವಕ್ಕೆಂದು ಕೊಟ್ಟ ಜಾಗ ಇನ್ನೊಬ್ಬರು ಬೆವರು ಸುರಿಸಿ ಗಳಿಸಿದ್ದಾಗಿರುತ್ತದೆ. ಆರಿಸದಿದ್ದದ್ದೇ ಸರಿ ಅಂತ ನಾನು ನಂಬುತ್ತೇನೆ. ಆದರೂ ಬ್ಯೋರ್ನ್‌ಡಾಲೆನ್ ಅಲ್ಲಿಗೆ ಹೋದರು. ಅವರ ಹೆಂಡತಿ ದಾರ್ಯಾ ದೊಮ್ರಾಚೆವಾ ಬೆಲಾರೂಸ್‌ನ ದೊಡ್ಡ ಬಯಾಥ್ಲೀಟ್. ಅವರಿಗೆ ನೆರವಾಗಿ ನಿಂತರು. ದಾರ್ಯಾ ರಿಲೇಯಲ್ಲಿ ಚಿನ್ನ ಗೆದ್ದರು. ಅದೇ ಕೂಟದಲ್ಲಿ ನಾರ್ವೆಯ 24ರ ಹುಡುಗ ಯೊಹಾನೆಸ್ ಬೋ 20 ಕಿಲೋಮೀಟರ್ ಸ್ಪರ್ಧೆ ಗೆದ್ದರು. ಏಪ್ರಿಲ್‌ನಲ್ಲಿ ಬ್ಯೋರ್ನ್‌ಡಾಲೆನ್ ನಿವೃತ್ತರಾದರು. ಹೃದಯ ಬಡಿತದ ತೊಂದರೆಯೂ ಕಾಣಿಸಿಕೊಂಡಿತ್ತು.

ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಬ್ಯೋರ್ನ್‌ಡಾಲೆನ್ ಗೆದ್ದ 20 ಚಿನ್ನಗಳ ದಾಖಲೆಯನ್ನು ಮುರಿದವರೂ ಇದೇ ಬೋ. 2025ರ ಮಾರ್ಚ್‌ನಲ್ಲಿ, ಬರೀ 31ಕ್ಕೆ, ಹೆಂಡತಿ ಮಕ್ಕಳ ಜೊತೆ ಇರಬೇಕು ಅಂತ ಹೊಲ್ಮೆನ್‌ಕೊಲೆನ್‌ನಲ್ಲೇ ಆಟ ಮುಗಿಸಿದರು. ಒಬ್ಬರು 44ರವರೆಗೆ ಬಿಡಲಿಲ್ಲ, ಇನ್ನೊಬ್ಬರು ಗೆಲ್ಲುತ್ತಿರುವಾಗಲೇ ಬಿಟ್ಟರು. ಇಬ್ಬರ ಮೇಲೂ ನನಗೆ ಒಂದೇ ಅಭಿಮಾನ.

ಚಳಿಗಾಲದಲ್ಲಿ ಯುರೋಪಿನ ಸ್ಪರ್ಧೆಗಳು ಹೆಚ್ಚಾಗಿ ನಮ್ಮ ಕಡೆಯ ಸಂಜೆ ಹೊತ್ತಿಗೇ ಬರುತ್ತವೆ. ಸ್ಪ್ರಿಂಟ್‌ನಿಂದ ಶುರು ಮಾಡಿ. ಅರ್ಧ ಗಂಟೆಯೊಳಗೆ ಒಬ್ಬರ ಓಟ ಮುಗಿಯುತ್ತದೆ. ಎರಡನೇ ಸಲ, ನಿಂತು ಹೊಡೆಯುವಾಗ, ಕೊನೆಯ ಗುಂಡಿಗೆ ಅವರು ಎಷ್ಟು ಹೊತ್ತು ಕಾಯುತ್ತಾರೆ ಅಂತ ಗಮನಿಸಿ.